ಪ್ಲಾಸ್ಟಿಕ್ ಮಿಶ್ರಿತ ಡಾಂಬರು ರಸ್ತೆ

ಪ್ಲಾಸ್ಟಿಕ್ ಮಿಶ್ರಿತ ಡಾಂಬರು ರಸ್ತೆ ಎಂದರೆ ಬಳಸಿ ಎಸೆದ ಚೀಲ, ಪೊಟ್ಟಣ, ಲೋಟ ಮೊದಲಾದ ಪ್ಲಾಸ್ಟಿಕ್ ತ್ಯಾಜ್ಯವನ್ನು ಚೂರುಮಾಡಿ, ಜಲ್ಲಿ ಮತ್ತು ಡಾಂಬರಿನೊಡನೆ ಸೇರಿಸಿ ನಿರ್ಮಿಸುವ ರಸ್ತೆ. ರೂಢಿಯಲ್ಲಿ ಇದನ್ನು ‘ಪ್ಲಾಸ್ಟಿಕ್ ರಸ್ತೆ’ ಎನ್ನುವರಾದರೂ ಆ ಹೆಸರು ತಪ್ಪು ಕಲ್ಪನೆಗೆ ಎಡೆಮಾಡುತ್ತದೆ. 1,000 ಕಿಲೋಗ್ರಾಂ ಮಿಶ್ರಣದಲ್ಲಿ ಡಾಂಬರು ಸುಮಾರು 50 ಕಿಲೋಗ್ರಾಂ ಇರುತ್ತದೆ. ಅದರ ಶೇಕಡ 8ರ ಲೆಕ್ಕದಲ್ಲಿ ಸೇರುವ ಪ್ಲಾಸ್ಟಿಕ್ ಕೇವಲ 4 ಕಿಲೋಗ್ರಾಂ. ಉಳಿದುದೆಲ್ಲ ಕಲ್ಲು.

ಹಿನ್ನೆಲೆ

ಮಧುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಆರ್. ವಾಸುದೇವನ್ ಈ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರು. ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಉದ್ಯಮಿಗಳಾದ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರು ಇದೇ ದಿಕ್ಕಿನಲ್ಲಿ ಶ್ರಮಿಸಿದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಿ.ಇ.ಜಿ. ಜಸ್ಟೊ ಮತ್ತು ಎ. ವೀರರಾಘವನ್ ನಡೆಸಿದ ಪರೀಕ್ಷೆಗಳ ವರದಿ 2002ರಲ್ಲಿ ಹೊರಬಂದಿತು. 2013ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಮಾರ್ಗಸೂಚಿಯನ್ನು ಪ್ರಕಟಿಸಿತು.

ತಯಾರಿಕೆ

ಭಾರತದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಒಣ ವಿಧಾನ. ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು ಸಣ್ಣ ಚೂರುಗಳಾಗಿ ಕತ್ತರಿಸಿ, ಸುಮಾರು 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಜಲ್ಲಿಯ ಮೇಲೆ ಉದುರಿಸುತ್ತಾರೆ. ಅದು ಕರಗಿ ಪ್ರತಿ ಕಲ್ಲಿಗೂ ತೆಳುವಾದ ಲೇಪದಂತೆ ಅಂಟಿಕೊಳ್ಳುತ್ತದೆ. ಬಳಿಕ ಬಿಸಿ ಡಾಂಬರನ್ನು ಬೆರೆಸಲಾಗುತ್ತದೆ. ಮಳೆನೀರು ಕಲ್ಲಿಗೂ ಡಾಂಬರಿಗೂ ನಡುವೆ ನುಸುಳಿ ಅವುಗಳ ಹಿಡಿತವನ್ನು ಸಡಿಲಿಸುವುದೇ ರಸ್ತೆಗುಂಡಿಗಳಿಗೆ ಒಂದು ಮುಖ್ಯ ಕಾರಣ. ಲೇಪವು ಇದನ್ನು ತಡೆಯುತ್ತದೆ. ಆದರೆ ಚರಂಡಿಯಿಲ್ಲದ, ತಳಪಾಯ ಗಟ್ಟಿಯಿಲ್ಲದ ರಸ್ತೆಯನ್ನು ಯಾವ ಲೇಪವೂ ಉಳಿಸಲಾರದು.

ಮಿತಿಗಳು ಮತ್ತು ಆಕ್ಷೇಪಗಳು

ಎಲ್ಲ ಪ್ಲಾಸ್ಟಿಕ್ಕೂ ಇದಕ್ಕೆ ಸಲ್ಲದು. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಯೋಗ್ಯವಾದವು. ಪಿವಿಸಿ ಕಾದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಬರುವುದರಿಂದ ಅದು ನಿಷಿದ್ಧ. ಉಳಿದವನ್ನೂ ಮಿತಿಮೀರಿ ಕಾಯಿಸಿದರೆ ಅವು ವಿಘಟನೆಗೊಂಡು ಹಾನಿಕಾರಕ ಅನಿಲಗಳನ್ನು ಬಿಡುತ್ತವೆ. ಇದರ ಅಪಾಯ ಮೊದಲು ತಟ್ಟುವುದು ಕಾದ ಮಿಶ್ರಣದ ಬಳಿ ದುಡಿಯುವ ಕೂಲಿಕಾರರಿಗೆ. ಆದ್ದರಿಂದ ಕಸವನ್ನು ಬೇರ್ಪಡಿಸುವ ಕೆಲಸ ಮತ್ತು ಉಷ್ಣತೆಯ ನಿಯಂತ್ರಣ ಈ ವಿಧಾನದ ಜೀವಾಳ. ರಸ್ತೆ ಸವೆದಂತೆ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಮಣ್ಣು ಮತ್ತು ನೀರನ್ನು ಸೇರಬಹುದೆಂಬ ಆಕ್ಷೇಪವೂ ಇದೆ. ಇನ್ನು ಪ್ರಮಾಣದ ಮಾತು: 3.75 ಮೀಟರ್ ಅಗಲದ ಒಂದು ಕಿಲೋಮೀಟರ್ ರಸ್ತೆಗೆ ಬೇಕಾಗುವ ಪ್ಲಾಸ್ಟಿಕ್ ಸುಮಾರು 1 ಟನ್ ಮಾತ್ರ. ನಗರಗಳ ಕಸದ ರಾಶಿಗೆ ಇದು ಪೂರ್ಣ ಪರಿಹಾರವೆನ್ನುವುದು ಉತ್ಪ್ರೇಕ್ಷೆ.

ಸಸ್ಯಮೂಲದ ಬಂಧಕ

ಪ್ಲಾಸ್ಟಿಕ್ಕಿನಂತೆ ಡಾಂಬರು ಕೂಡ ಪೆಟ್ರೋಲಿಯಂ ಮೂಲದ್ದು. ಅದರ ಒಂದು ಪಾಲಿಗೆ ಬದಲಾಗಿ ಲಿಗ್ನಿನ್ ಬಳಸುವ ಪ್ರಯೋಗಗಳೂ ನಡೆದಿವೆ. ಲಿಗ್ನಿನ್ ಸಸ್ಯಗಳ ಕೋಶಭಿತ್ತಿಗೆ ಬಿಗಿತ ಕೊಡುವ ಪದಾರ್ಥ. ಬೆಳೆಯ ಉಳಿಕೆಯಿಂದ ಎಥನಾಲ್ ತಯಾರಿಸುವಾಗ ಉಪ ಉತ್ಪನ್ನವಾಗಿ ದೊರೆಯುತ್ತದೆ. ಇಂತಹ ಜೈವಿಕ ಡಾಂಬರು ಬಳಸಿದ ರಾಷ್ಟ್ರೀಯ ಹೆದ್ದಾರಿಯ ಭಾಗವೊಂದು 2024ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ನಾಗಪುರ ಸಮೀಪದ ಮನ್ಸರ್‌ನಲ್ಲಿ ಉದ್ಘಾಟನೆಗೊಂಡಿತು.