ಎಂಜಿಬಿ ಕಾರಿನ ಖರೀದಿಪೂರ್ವ ತಪಾಸಣೆ

ಎಂಜಿಬಿ ಕಾರಿನ ಖರೀದಿಪೂರ್ವ ತಪಾಸಣೆ ಎಂದರೆ ಬ್ರಿಟನ್ನಿನ ಈ ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಳ್ಳುವ ಮೊದಲು ಅದರ ಕವಚ, ಯಂತ್ರಭಾಗ ಮತ್ತು ದಾಖಲೆಗಳನ್ನು ಕ್ರಮವಾಗಿ ಪರೀಕ್ಷಿಸುವ ವಿಧಾನ. ಮಾರಾಟಗಾರರೊಡನೆ ಸಂಬಂಧವಿಲ್ಲದ, ಈ ಮಾದರಿಯನ್ನು ಬಲ್ಲ ತಜ್ಞರಿಂದ ಇದನ್ನು ಮಾಡಿಸುವುದು ವಾಡಿಕೆ.

ಹಿನ್ನೆಲೆ

ಎಂಜಿಬಿ ಕಾರುಗಳು 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದವು. ತೆರೆದ ಮಾದರಿ ಹಾಗೂ 1965ರಲ್ಲಿ ಬಂದ ಗಟ್ಟಿ ಛಾವಣಿಯ ಜಿಟಿ ಮಾದರಿ ಸೇರಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಇವುಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬೆಸೆದ ಉಕ್ಕಿನ ಕವಚವೇ ಭಾರವನ್ನೆಲ್ಲ ಹೊರುತ್ತದೆ. ಆದ್ದರಿಂದ ತುಕ್ಕು ಹಿಡಿದರೆ ಕಾರಿನ ಬಲವೇ ಕುಂದುತ್ತದೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ವಾಹನಗಳಿಗೆ 2018ರ ಮೇ ತಿಂಗಳಿನಿಂದ ವಾರ್ಷಿಕ ಎಂಒಟಿ ಪರೀಕ್ಷೆ ಕಡ್ಡಾಯವಲ್ಲ. ಹೀಗಾಗಿ ಇಂತಹ ಕಾರು ವರ್ಷಗಟ್ಟಲೆ ಯಾವ ಪರೀಕ್ಷಕರ ಕಣ್ಣಿಗೂ ಬೀಳದೆ ರಸ್ತೆಯ ಮೇಲಿರುವುದು ಸಾಧ್ಯ.

ಕವಚದ ಪರೀಕ್ಷೆ

ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಸಿಲ್‌ಗಳು ಮುಖ್ಯವಾದವು. ಛಾವಣಿಯಿಲ್ಲದ ಮಾದರಿಯ ಬಿಗಿತವು ಬಹುಮಟ್ಟಿಗೆ ಇವುಗಳನ್ನೇ ಅವಲಂಬಿಸಿದೆ. ಸಿಲ್ ಹಲವು ಪದರಗಳ ತಗಡಿನಿಂದ ಕೂಡಿರುವುದರಿಂದ, ಹೊರಪದರ ಹೊಸದಾಗಿದ್ದರೂ ಒಳಭಾಗ ಶಿಥಿಲವಾಗಿರಬಹುದು. ಕಾರನ್ನು ಜ್ಯಾಕ್‌ನಿಂದ ಎತ್ತಿದಾಗ ಬಾಗಿಲಿನ ಅಂಚಿನ ಸಂದು ಕಿರಿದಾದರೆ ಅಥವಾ ಬಾಗಿಲು ಸಿಕ್ಕಿಕೊಂಡರೆ ಸಿಲ್ ದುರ್ಬಲವಾಗಿದೆಯೆಂದು ತಿಳಿಯಬೇಕು. ನೆಲದ ತಗಡು, ಚಕ್ರಗಳ ಮೇಲಿನ ಕಮಾನು, ಹಿಂದಿನ ಪಟ್ಟಿ ಸ್ಪ್ರಿಂಗ್‌ಗಳು ಕವಚಕ್ಕೆ ಜೋಡಣೆಯಾಗುವ ಸ್ಥಳ ಇವುಗಳನ್ನೂ ಕೆಳಗಿನಿಂದ ನೋಡಲಾಗುತ್ತದೆ. ಬಣ್ಣದಡಿ ಪುಟ್ಟಿಯನ್ನು ದಪ್ಪವಾಗಿ ತುಂಬಿರುವ ಕಡೆ ಆಯಸ್ಕಾಂತ ಅಂಟುವುದಿಲ್ಲ. ಆದರೆ ಆರಂಭಿಕ ವರ್ಷಗಳ ಕಾರುಗಳ ಬಾನೆಟ್ ಅಲ್ಯೂಮಿನಿಯಂನದು. ಅಲ್ಲಿ ಅಂಟದಿರುವುದು ಸಹಜ.

ಯಂತ್ರಭಾಗ

ನಾಲ್ಕು ಸಿಲಿಂಡರ್‌ಗಳ 1798 ಸಿಸಿ ಎಂಜಿನ್ ಬಿಸಿಯಾಗಿ ಓಡುವಾಗ ಆಯಿಲ್ ಒತ್ತಡ ಪ್ರತಿ ಚದರ ಇಂಚಿಗೆ 50ರಿಂದ 80 ಪೌಂಡ್ ಇರಬೇಕು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಸೂಚನೆ. 1967ಕ್ಕಿಂತ ಹಿಂದಿನ ಕಾರುಗಳ ಮೊದಲ ಗೇರಿಗೆ ಸಿಂಕ್ರೋಮೆಶ್ ಇಲ್ಲದ ಕಾರಣ, ಚಲಿಸುತ್ತಿರುವಾಗ ಆ ಗೇರು ಗೊರಗುಟ್ಟಿದರೆ ಅದನ್ನು ದೋಷವೆನ್ನಲಾಗದು.

ದಾಖಲೆಗಳು

ಕಾರಿನ ಮೇಲಿರುವ ಚಾಸಿಸ್ ಸಂಖ್ಯೆಯು ನೋಂದಣಿ ಪತ್ರದೊಡನೆ ತಾಳೆಯಾಗಬೇಕು. ಬ್ರಿಟನ್ನಿನ ವಿ5ಸಿ ನೋಂದಣಿ ಪತ್ರವು ಒಡೆತನದ ಪುರಾವೆಯಲ್ಲವಾದ್ದರಿಂದ ಖರೀದಿ ರಸೀದಿಗಳನ್ನೂ ಕೇಳಲಾಗುತ್ತದೆ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ನೀಡುವ ಹೆರಿಟೇಜ್ ಪ್ರಮಾಣಪತ್ರದಿಂದ ಕಾರಿನ ತಯಾರಿಕಾ ದಿನಾಂಕ, ಮೂಲ ಬಣ್ಣ ಮುಂತಾದ ವಿವರಗಳು ತಿಳಿಯುತ್ತವೆ.

ಬೆಲೆಯ ನಿರ್ಧಾರ

ಎಂಜಿನ್ ಮತ್ತು ಬ್ರೇಕಿನ ಬಿಡಿಭಾಗಗಳು ಇಂದಿಗೂ ಸುಲಭವಾಗಿ ದೊರೆಯುತ್ತವೆ. ಸಿಲ್ ದುರಸ್ತಿಗೆ ಮಾತ್ರ ತಗಡು ಕತ್ತರಿಸಿ, ಬೆಸೆದು, ಮತ್ತೆ ಬಣ್ಣ ಬಳಿಯಬೇಕಾಗುತ್ತದೆ. ಆದ್ದರಿಂದ ಎಂಜಿನ್ ದಣಿದಿದ್ದರೂ ಕವಚ ಗಟ್ಟಿಯಾಗಿರುವ ಕಾರು, ಹೊಳೆಯುವ ಬಣ್ಣದಡಿ ತುಕ್ಕು ಹಿಡಿದ ಕಾರಿಗಿಂತ ಉತ್ತಮ ಆಯ್ಕೆಯೆನಿಸುತ್ತದೆ.