ಛಾಯೆಯ ಮೇಲೆ ಕುಂಚ

ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದಂತಹ ಕೃಷ್ಣಾತೀರದ ಊರುಗಳಲ್ಲಿ ಹಳೆಯ ಮನೆಗಳ ಪಡಸಾಲೆಯನ್ನು ಹೊಕ್ಕವರು, ತೊಲೆಯ ಕೆಳಗೆ ಸಾಲಾಗಿ, ತುಸು ಮುಂದಕ್ಕೆ ಬಾಗಿದಂತೆ ತೂಗುಹಾಕಿದ ಕಟ್ಟು ಹಾಕಿಸಿದ ಫೋಟೋಗಳನ್ನು ಕಂಡೇ ಇರುತ್ತಾರೆ. ಪಟಗಾ ಸುತ್ತಿದ ಅಜ್ಜ, ಪಕ್ಕದಲ್ಲಿ ಬೋರಮಾಳ ಧರಿಸಿದ ಅಜ್ಜಿ, ಇಬ್ಬರ ಹಿಂದೆ ಆ ಊರಿನಲ್ಲಿ ಎಂದೂ ಇರದ ಕಮಾನು ಮತ್ತು ಕಾರಂಜಿ; ಕೆನ್ನೆಯ ಮೇಲೆ ನಸುಗೆಂಪು, ಸೀರೆಯ ಅಂಚಿಗೆ ಹೊಂಬಣ್ಣ. ಸ್ವಲ್ಪ ಹೊತ್ತು ದೃಷ್ಟಿಯಿಟ್ಟು ನೋಡಿದರೆ, ಅಜ್ಜನ ಹೆಗಲ ಮೇಲಿನ ಬೆಳಕು ಎಡದಿಂದಲೂ ಅಜ್ಜಿಯ ಮುಖದ ಬೆಳಕು ಬಲದಿಂದಲೂ ಬಂದಿರುವುದು ಗೋಚರವಾಗಿ, ಈ ದಂಪತಿಗಳು ಕ್ಯಾಮೆರಾದ ಮುಂದೆ ಒಟ್ಟಿಗೆ ಕುಳಿತವರೇ ಅಲ್ಲವೆಂಬ ಸಂಶಯವು ಮೂಡುವುದು. ಆ ಸಂಶಯವು ಅನೇಕ ವೇಳೆ ನಿಜವೇ ಆಗಿರುವುದು. ಛಾಯಾಚಿತ್ರವನ್ನು ತಿದ್ದಿ, ಕತ್ತರಿಸಿ, ಕೂಡಿಸಿ ಬೇರೊಂದಾಗಿಸುವ ವಿದ್ಯೆಯು ಗಣಕಯಂತ್ರದೊಡನೆ ಹುಟ್ಟಿತೆಂದು ನಂಬಿದವರು ಇಂತಹ ಗೋಡೆಗಳನ್ನು ಗಮನಿಸಿದವರಲ್ಲ.

ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತಾದ್ದರಿಂದ ಈ ವಿದ್ಯೆಯ ಮೊದಲ ಹೆಜ್ಜೆಗಳನ್ನು ಮುಂಬಯಿಯಲ್ಲಿಯೇ ಅರಸಬೇಕು. 1839ರಲ್ಲಿ ಪ್ಯಾರಿಸಿನಲ್ಲಿ ಲೋಕಕ್ಕೆ ಪ್ರಕಟವಾದ ಛಾಯಾಗ್ರಹಣ ಕಲೆಗೆ 1854ರಲ್ಲಿಯೇ ಮುಂಬಯಿಯಲ್ಲಿ ಒಂದು ಸಂಘವು ಏರ್ಪಟ್ಟಿತು. ಅದನ್ನು ನಡೆಸಿದವರು ವೃತ್ತಿಪರರಿಗಿಂತ ಹೆಚ್ಚಾಗಿ ಹವ್ಯಾಸಿಗಳು, ಎಂದರೆ ಕಚೇರಿಯ ಬಿಡುವಿನಲ್ಲಿ ರಾಸಾಯನಿಕಗಳೊಡನೆ ಬೆರಳು ಕಪ್ಪು ಮಾಡಿಕೊಳ್ಳುತ್ತಿದ್ದ ಅಧಿಕಾರಿಗಳು, ವೈದ್ಯರು, ವರ್ತಕರು. ತಾವು ತೆಗೆದುದನ್ನು ಪರಸ್ಪರ ಹಂಚಿಕೊಳ್ಳುವ ಚಾಪಲ್ಯವು ಇಂತಹವರಿಗೆ ಆರಂಭದಿಂದಲೂ ಇದ್ದಿತು. ಲಂಡನ್ನಿನಲ್ಲಿ 1855ರ ಹೊತ್ತಿಗೆ ಚಿತ್ರಗಳ ವಿನಿಮಯಕ್ಕೆಂದೇ ಒಂದು ಕೂಟವಿದ್ದರೆ, ಮುಂಬಯಿಯಲ್ಲಿ ವಿಲಿಯಂ ಜಾನ್ಸನ್ ಮತ್ತು ವಿಲಿಯಂ ಹೆಂಡರ್ಸನ್ ಎಂಬವರು 1856ರಿಂದ 1858ರ ವರೆಗೆ ಹವ್ಯಾಸಿಗಳ ಹೆಸರಿನಲ್ಲಿ ಒಂದು ಚಿತ್ರಸಂಪುಟವನ್ನು ಕಂತುಕಂತಾಗಿ ಹೊರಡಿಸಿದರು.

ಅದೇ ಜಾನ್ಸನ್ನನು ಮುಂದೆ 1863 ಮತ್ತು 1866ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ, ಮುಂಬಯಿಯ ನಾನಾ ಜಾತಿ ಜನಾಂಗಗಳನ್ನು ಪರಿಚಯಿಸುವ ಗ್ರಂಥವು ನಮ್ಮ ಪ್ರಸ್ತುತ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಅದರಲ್ಲಿ ಬನಿಯಾಗಳು, ಪಾರಸಿಗಳು, ಮೀನುಗಾರರು ತಂತಮ್ಮ ಬೀದಿಗಳಲ್ಲಿ, ಗುಡಿಗಳ ಮುಂದೆ, ಕಡಲ ದಂಡೆಯಲ್ಲಿ ನಿಂತಂತೆ ತೋರುತ್ತಾರೆ. ವಾಸ್ತವದಲ್ಲಿ ಆ ಜನರನ್ನು ಬೇರೆಡೆ ನಿಲ್ಲಿಸಿ ತೆಗೆದು, ಆಕೃತಿಗಳನ್ನು ಬೇರ್ಪಡಿಸಿ, ಮತ್ತೊಮ್ಮೆ ತೆಗೆದ ಸ್ಥಳದೃಶ್ಯಗಳ ಮೇಲೆ ಕೂಡಿಸಲಾಗಿತ್ತು. ಇಂಗ್ಲೆಂಡಿನ ರೈಲಾಂಡರ್ 1857ರಲ್ಲಿ ಮೂವತ್ತಕ್ಕೂ ಮಿಕ್ಕ ನೆಗೆಟಿವ್‌ಗಳನ್ನು, ಹೆನ್ರಿ ಪೀಚ್ ರಾಬಿನ್ಸನ್ 1858ರಲ್ಲಿ ಐದನ್ನು ಕೂಡಿಸಿ ಒಂದೊಂದು ಚಿತ್ರವನ್ನು ರಚಿಸಿದ್ದರಷ್ಟೆ. ಆದರೆ ಅವರು ಅವನ್ನು ಕಲ್ಪನೆಯೆಂದೇ ಮುಂದಿಟ್ಟರು. ಜಾನ್ಸನ್ನನ ಕೂಡಿಕೆಯು ಜನಾಂಗಶಾಸ್ತ್ರದ ವೇಷವನ್ನು ತೊಟ್ಟಿತ್ತು. ಉಗಾರದ ಅಜ್ಜ ಅಜ್ಜಿಯರ ಕೂಡಿಕೆಯನ್ನು ಕಂಡು ನಗುವವರು ಈ ಘನಗ್ರಂಥದ ಮುಂದೆ ಕೈಮುಗಿದು ನಿಲ್ಲುವುದಾದರೆ ಅವರ ವಿವೇಕವು ತಲೆಕೆಳಗಾಗಿದೆಯೆಂದೇ ಹೇಳಬೇಕು. ಮನೆಯ ಗೋಡೆಯ ಚಿತ್ರವು ಯಾರನ್ನೂ ವಂಚಿಸುವುದಿಲ್ಲ. ಅದನ್ನು ಮಾಡಿಸಿದವರಿಗೂ ನೋಡುವವರಿಗೂ ಒಳಗುಟ್ಟು ತಿಳಿದೇ ಇರುತ್ತದೆ.

ನಮ್ಮ ಸೀಮೆಯ ಶಿಲ್ಪಗಳನ್ನು ಮೊದಲು ಸೆರೆಹಿಡಿದ ಸೇನಾಧಿಕಾರಿ ಥಾಮಸ್ ಬಿಗ್ಸ್‌ನ ಕಾಲದ ಕಥೆಯೂ ಪೂರ್ಣ ನಿರ್ಮಲವಲ್ಲ. 1855ರಲ್ಲಿ ಮುಂಬಯಿ ಸರ್ಕಾರದ ನೇಮಕವನ್ನು ಪಡೆದು ಆತನು ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದ ಚಿತ್ರಗಳು, ಪಿಗೋ ಮತ್ತು ನೀಲ್ ಎಂಬ ವೈದ್ಯರಿಬ್ಬರ ಚಿತ್ರಗಳೊಡನೆ 1866ರಲ್ಲಿ ಗ್ರಂಥರೂಪವನ್ನು ಪಡೆದವು. ಅಂದಿನ ಲೇಪನಗಳು ನೀಲವರ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಮುದ್ರಣದಲ್ಲಿ ಬರಿಯ ಬಿಳುಪಾಗಿ, ಕಲೆಕಲೆಯಾಗಿ ಮೂಡುತ್ತಿತ್ತು. ಕೆಲವರು ನೆಗೆಟಿವ್‌ನಲ್ಲಿ ಆ ಭಾಗಕ್ಕೆ ಕಪ್ಪು ಬಳಿದು ಅದನ್ನು ನಿಷ್ಕಲಂಕವಾಗಿಸಿದರೆ, ಕೆಲವರು ಬೇರೊಂದು ದಿನದ ಮೋಡಗಳನ್ನು ತಂದು ಅಚ್ಚೊತ್ತಿದರು. ಆ ಯುಗದ ಎಷ್ಟೋ ಸುಂದರ ಆಕಾಶಗಳು ಹೀಗೆ ಕಡ ತಂದವುಗಳು.

ಮಿರಜವನ್ನೂ ಬೆಳಗಾವಿಯನ್ನೂ ರೈಲುಮಾರ್ಗವು ಜೋಡಿಸಿದ ಮೇಲೆ, ಅದರಲ್ಲಿಯೂ 1939ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರಖಾನೆಯು ನೆರೆಯ ಉಗಾರ ಖುರ್ದಕ್ಕೆ ತಿಂಗಳ ಪಗಾರವೆಂಬ ಹೊಸ ವಸ್ತುವನ್ನು ತಂದ ಮೇಲೆ, ಪೇಟೆಗೆ ಹೋಗಿ ಫೋಟೋ ತೆಗೆಸುವುದು ಸಾಮಾನ್ಯ ಸಂಸಾರಿಗಳಿಗೂ ಎಟುಕುವಂತಾಗಿರಬೇಕು. ಸ್ಟುಡಿಯೋಗಳ ಹಿಂಬದಿಯ ಪರದೆಗಳು ನಾಟಕ ಕಂಪನಿಗಳ ಪರದೆಗಳ ಒಡಹುಟ್ಟುಗಳು. ಕೊಲ್ಲಾಪುರದಲ್ಲಿ ಅಂತಹ ರಂಗದ ಪರದೆಗಳನ್ನು ಬರೆಯುತ್ತಿದ್ದ ಬಾಬುರಾವ್ ಪೇಂಟರರೇ ಮುಂದೆ ಸ್ವತಃ ಕ್ಯಾಮೆರಾ ನಿರ್ಮಿಸಿ 1920ರಲ್ಲಿ ‘ಸೈರಂಧ್ರಿ’ ಚಲನಚಿತ್ರವನ್ನು ತೆಗೆದರೆಂಬುದನ್ನು ಸ್ಮರಿಸಿದರೆ, ಕುಂಚಕ್ಕೂ ಕ್ಯಾಮೆರಾಕ್ಕೂ ಈ ನಾಡಿನಲ್ಲಿದ್ದ ಸಾಮೀಪ್ಯವು ಅರಿವಾದೀತು.

ನಿಜವಾದ ಕೈಚಳಕವೆಲ್ಲ ನಡೆಯುತ್ತಿದ್ದುದು ಒಳಕೋಣೆಯಲ್ಲಿ. ಇಳಿಜಾರಾದ ಹಲಗೆಯ ಕಿಂಡಿಯಲ್ಲಿ ನೆಗೆಟಿವ್ ಇಟ್ಟು, ಅಡಿಯಿಂದ ಕನ್ನಡಿಯ ಮೂಲಕ ಬೆಳಕು ಹಾಯಿಸಿ, ಸೂಜಿಯಂತೆ ಹರಿತಗೊಳಿಸಿದ ಗಟ್ಟಿ ಪೆನ್ಸಿಲಿನಿಂದ ಅಲ್ಲಲ್ಲಿ ಮುಟ್ಟಿಸಿದರೆ, ಆ ಭಾಗವು ಅಚ್ಚಿನಲ್ಲಿ ತಿಳಿಯಾಗಿ ಮುಖದ ಸುಕ್ಕು ಮಾಯುತ್ತಿತ್ತು. ಚೂರಿಯ ಮೊನೆಯಿಂದ ಕೆರೆದಲ್ಲಿ ಕಪ್ಪು ಗಾಢವಾಗುತ್ತಿತ್ತು. ಟಚಿಂಗ್ ಎಂದು ಸ್ಟುಡಿಯೋದವರು ಕರೆಯುತ್ತಿದ್ದುದು ಇದನ್ನೇ. ಬಳಿಕ ಬಣ್ಣದ ಸರದಿ: ಅಚ್ಚನ್ನು ಮೊದಲು ಕಂದುಬಣ್ಣಕ್ಕೆ ತಿರುಗಿಸಿ, ಅದರ ಮೇಲೆ ಪಾರದರ್ಶಕವಾದ ಬಣ್ಣಗಳನ್ನು ಹತ್ತಿಯಿಂದಲೂ ಸಣ್ಣ ಕುಂಚದಿಂದಲೂ ತೆಳ್ಳಗೆ ಹರಡುವುದು. ಒಂದೂ ಪ್ರತ್ಯೇಕ ಫೋಟೋ ಇಲ್ಲದೆ ಗತಿಸಿದವರನ್ನು ಯಾವುದೋ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿ, ತುಂಡಿನ ಹಿಂಬದಿಯ ಅಂಚನ್ನು ಎಮರಿ ಕಾಗದದಿಂದ ತಿಕ್ಕಿ ತೆಳುವಾಗಿಸಿ, ಹೊಸ ಕೋಟಿನ ಮೇಲೆ ಅಂಟಿಸಿ, ಸಂದನ್ನು ಕುಂಚದಿಂದ ಮರೆಸಿ, ಇಡಿಯಾಗಿ ಮತ್ತೊಂದು ನೆಗೆಟಿವ್ ತೆಗೆಯುತ್ತಿದ್ದರು. ಬದುಕಿದ್ದಾಗ ಕೋಟನ್ನೇ ಕಾಣದ ರೈತನು ಮರಣಾನಂತರ ಹೀಗೆ ಕೋಟುಧಾರಿಯಾದುದರಲ್ಲಿ ನನಗಂತೂ ಹಾಸ್ಯಕ್ಕಿಂತ ಮಕ್ಕಳ ಋಣಪ್ರಜ್ಞೆಯೇ ಎದ್ದು ಕಾಣುತ್ತದೆ.

ಒಂದೇ ಬಿಂಬವು ನೂರು ಕೈಗಳಲ್ಲಿ ನೂರು ಬಗೆಯಾಗುವುದಕ್ಕೆ ಸ್ವಾಮಿ ವಿವೇಕಾನಂದರ ಚಿತ್ರಕ್ಕಿಂತ ಉತ್ತಮ ನಿದರ್ಶನ ಸಿಕ್ಕಲಾರದು. ಪರಿವ್ರಾಜಕರಾಗಿ ಅವರು 1892ರ ಅಕ್ಟೋಬರಿನಲ್ಲಿ ಬೆಳಗಾವಿಗೆ ಬಂದು, ಅರಣ್ಯಾಧಿಕಾರಿ ಹರಿಪದ ಮಿತ್ರರ ಅತಿಥಿಯಾಗಿದ್ದಾಗ ಅಲ್ಲಿಯೂ ಅವರ ಛಾಯಾಚಿತ್ರವನ್ನು ತೆಗೆಯಲಾಗಿತ್ತು. ಆದರೆ ನಾಡಿನ ಶಾಲೆಗಳ ಗೋಡೆಗೇರಿದುದು ಮರುವರ್ಷ ಶಿಕಾಗೋದಲ್ಲಿ ಥಾಮಸ್ ಹ್ಯಾರಿಸನ್ ತೆಗೆದ, ಕೈಕಟ್ಟಿ ನಿಂತ ಭಂಗಿ. ಕಪ್ಪುಬಿಳುಪಿನ ಆ ಚಿತ್ರವನ್ನು ಅಲ್ಲಿಯ ಗೋಸ್ ಕಂಪನಿಯು ಬಣ್ಣದ ಭಿತ್ತಿಪತ್ರವಾಗಿ ಅಚ್ಚುಹಾಕಿದಂದಿನಿಂದ ಅದಕ್ಕೆ ವಿಶ್ರಾಂತಿಯೇ ಇಲ್ಲ. ಕ್ಯಾಲೆಂಡರಿನ ಕಲಾವಿದನೂ ಚಿತ್ರಕಲೆಯ ಶಾಲಾಬಾಲಕನೂ ಅದನ್ನು ತಮ್ಮದಾಗಿಸಿಕೊಂಡರು. ಶ್ರೀಕೃಷ್ಣ ಪಾರಿಜಾತದ ಕಥೆ ಒಂದೇ ಆದರೂ ಮೇಳ ಬದಲಾದರೆ ಆಟವು ಬದಲಾಗುವುದನ್ನು ಬಲ್ಲ ಈ ಭಾಗದ ಜನರಿಗೆ ಇದರಲ್ಲಿ ಅಸಹಜವಾದುದೇನೂ ತೋರಿರಲಾರದು.

ಹವ್ಯಾಸಿಗಳ ಪರಂಪರೆಯು ನಮ್ಮಲ್ಲಿ ಸಂಘಟಿತವಾದುದು ಬೆಂಗಳೂರಿನ ಡಾ. ಜಿ. ಥಾಮಸ್ ಅಂತಹವರ ಶ್ರಮದಿಂದ. 1953ರಲ್ಲಿ ಭಾರತದ ಛಾಯಾಗ್ರಹಣ ಸಂಘಗಳ ಒಕ್ಕೂಟವೂ, 1971ರಲ್ಲಿ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯೂ ಜನ್ಮತಾಳಿದವು. ಈ ವಲಯದ ಸ್ಪರ್ಧೆಗಳಲ್ಲಿ ಬಹುಕಾಲದ ವಾದವಿವಾದಗಳ ತರುವಾಯ ನೆಲೆಗೊಂಡ ನಿಯಮವು ವಿವೇಚನೆಯುಳ್ಳದ್ದು: ಚಿತ್ರಾತ್ಮಕ ವಿಭಾಗದಲ್ಲಿ ಮೋಡವನ್ನು ಕೂಡಿಸಿದರೂ ಮರವನ್ನು ಅಳಿಸಿದರೂ ಆಕ್ಷೇಪವಿಲ್ಲ; ನಿಸರ್ಗ ವಿಭಾಗದಲ್ಲಾದರೋ ಒಂದು ರೆಂಬೆಯನ್ನು ತೆಗೆದರೂ ಕೃತಿಯು ತಿರಸ್ಕೃತವಾಗುವುದು. ಕಲ್ಪನೆಯೆಂದು ಹೇಳಿಕೊಂಡದ್ದಕ್ಕೆ ಸ್ವಾತಂತ್ರ್ಯ, ಸಾಕ್ಷ್ಯವೆಂದು ಹೇಳಿಕೊಂಡದ್ದಕ್ಕೆ ಕಟ್ಟುಪಾಡು.

ಇಂದು ಉಗಾರದ ಯುವಕನೊಬ್ಬನು ತೆಗೆದ ಕೃಷ್ಣೆಯ ಸಂಜೆಯ ನೋಟವನ್ನು ಮೊಬೈಲಿನಲ್ಲಿ ಪಡೆದ ಗೆಳೆಯರು, ಒಬ್ಬನು ಕೆಂಪೇರಿಸಿ, ಇನ್ನೊಬ್ಬನು ಹಕ್ಕಿಗಳನ್ನು ಸೇರಿಸಿ, ಮತ್ತೊಬ್ಬನು ಕಪ್ಪುಬಿಳುಪಿಗಿಳಿಸಿ ಮರಳಿ ಕಳುಹಿಸಿದರೆ ಅದರಿಂದ ಯಾರಿಗೂ ಬಾಧಕವಿಲ್ಲ. 2019ರ ಆಗಸ್ಟಿನ ಮಹಾಪೂರದಂತಹ ಸಮಯದಲ್ಲಿ ಅದೇ ನದಿಯ ಚಿತ್ರದಲ್ಲಿ ನೀರಿನ ಮಟ್ಟವನ್ನು ಒಂದು ಗೇಣು ಏರಿಸಿ ಹಂಚುವವನಿಗೆ ಮಾತ್ರ ಹವ್ಯಾಸಿಯೆಂಬ ಹೆಸರು ಸಲ್ಲದು.