ಸೀನದಂತೆ ಸಾಕುವ ನಾಯಿಯ ಚರಿತ್ರೆ

ನಮ್ಮ ಮನೆಯ ಪೊಮೇರಿಯನ್ ಚಿನ್ನಿಯನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ಅವಳ ಕ್ಷೇಮದ ಜೊತೆಗೆ ನನ್ನ ಸೀನಿನ ಕ್ಷೇಮವನ್ನೂ ವಿಚಾರಿಸುತ್ತಾರೆ. ಬಂಧುಗಳು ವಿಚಾರಿಸುವುದಿಲ್ಲ, ತೀರ್ಪು ಕೊಡುತ್ತಾರೆ: "ಇದನ್ನು ಯಾರಿಗಾದರೂ ಕೊಟ್ಟುಬಿಡಿ, ಬೇಕಿದ್ದರೆ ಅಲರ್ಜಿಯಾಗದ ಜಾತಿಯದನ್ನು ತನ್ನಿ." ಚರಿತ್ರೆಯ ಪಾಠ ಹೇಳಿದವನಿಗೆ ಇಂಥ ಮಾತಿನ ಮೂಲ ಹುಡುಕುವ ಚಟ ಸುಲಭವಾಗಿ ಬಿಡುವುದಿಲ್ಲ.

ಈ ಕಥೆಯ ಆರಂಭದಲ್ಲಿಯೇ ನಾಯಿಯಿದೆ. ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಸೀ ಅನೆಮೊನಿ ಎಂಬ ಕಡಲಜೀವಿಯ ವಿಷವನ್ನು ನಾಯಿಗಳಿಗೆ ಚುಚ್ಚಿ ಪರೀಕ್ಷಿಸುತ್ತಿದ್ದರು. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರಗಳ ತರುವಾಯ ಅತ್ಯಲ್ಪ ಪ್ರಮಾಣಕ್ಕೇ ಉಸಿರುಗಟ್ಟಿ ಸತ್ತಿತು. ರಕ್ಷಿಸಬೇಕಾದ ದೇಹವೇ ತಿರುಗಿಬಿದ್ದಿತ್ತು. 1902ರಲ್ಲಿ ಪ್ರಕಟವಾದ ಈ ಶೋಧಕ್ಕಾಗಿ ರಿಷೆಗೆ 1913ರಲ್ಲಿ ನೊಬೆಲ್ ಬಂತು. ನಾಯಿಗೆ ಏನು ಬಂತೆಂದು ಕೇಳಬಾರದು. 'ಅಲರ್ಜಿ' ಎಂಬ ಪದವನ್ನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಟಂಕಿಸಿದ್ದು 1906ರಲ್ಲಿ.

ನನ್ನ ಬಾಲ್ಯದಲ್ಲಿ ಈ ಪದವನ್ನು ಯಾರೂ ಆಡುತ್ತಿರಲಿಲ್ಲ. ನಾಯಿಯ ಸ್ಥಾನ ಅಂಗಳ, ಹೆಚ್ಚೆಂದರೆ ಜಗಲಿ. ಅದು ಹೊಸಿಲು ದಾಟಿ ಸೋಫಾ ಏರಿದ್ದು ನಮ್ಮ ಕಣ್ಣೆದುರಿಗೇ. 2003ರ ಹಚ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹೋಗುತ್ತಿದ್ದ ಪಗ್ ನಾಯಿ ನಿಮಗೆ ನೆನಪಿರಬಹುದು.

ಅಲರ್ಜಿಯಾಗದ ನಾಯಿಯ ಕನಸು ಹುಟ್ಟಿದ ಬಗೆ ಸ್ವಾರಸ್ಯಕರ. ಹವಾಯಿಯ ಒಬ್ಬ ಅಂಧ ಮಹಿಳೆಗೆ ಮಾರ್ಗದರ್ಶಿ ನಾಯಿ ಬೇಕಿತ್ತು. ಆಕೆಯ ಪತಿಗೆ ಅಲರ್ಜಿ. ಆಸ್ಟ್ರೇಲಿಯಾದ ವಾಲಿ ಕಾನ್ರನ್ ಪೂಡಲ್ ನಾಯಿಗಳನ್ನು ಪಳಗಿಸಲು ನೋಡಿ ಸೋತು, ಕೊನೆಗೆ 1989ರಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದರು. ಹುಟ್ಟಿದ ಮೂರು ಮರಿಗಳ ಕೂದಲು, ಜೊಲ್ಲನ್ನು ಹವಾಯಿಗೆ ಕಳುಹಿಸಿದರು. ಒಂದು ಮರಿ ಮಾತ್ರ ಆ ಪತಿಗೆ ಒಗ್ಗಿತು. ಮೂರರಲ್ಲಿ ಒಂದು ಎಂಬುದನ್ನು ಲೋಕ ಮರೆತು, 'ಲ್ಯಾಬ್ರಡೂಡಲ್' ಎಂಬ ಹೆಸರನ್ನು ಮಾತ್ರ ಉಳಿಸಿಕೊಂಡಿತು. ತಾನು ಆರಂಭಿಸಿದ್ದಕ್ಕೆ ಕಾನ್ರನ್ ತರುವಾಯ ಬಹಿರಂಗವಾಗಿಯೇ ಮರುಗಿದರು. 2009ರಲ್ಲಿ ಒಬಾಮಾ ದಂಪತಿ ಮಗಳ ಅಲರ್ಜಿಯ ನಿಮಿತ್ತ ಪೋರ್ಚುಗೀಸ್ ವಾಟರ್ ಡಾಗ್ ತಂದಾಗ ಈ ನಂಬಿಕೆಗೆ ಮತ್ತಷ್ಟು ಬಲ ಬಂತು.

ಆದರೆ ದೋಷ ಕೂದಲಿನದಲ್ಲ. ಜೊಲ್ಲಿನಲ್ಲಿಯೂ ಚರ್ಮದ ಹೊಟ್ಟಿನಲ್ಲಿಯೂ ಇರುವ ಪ್ರೋಟೀನುಗಳದು. ಕೂದಲು ಬರಿಯ ವಾಹನ. 2011ರಲ್ಲಿ ಡೆಟ್ರಾಯಿಟ್‌ನ ಸಂಶೋಧಕರು ಮನೆಗಳ ಧೂಳನ್ನು ಅಳೆದು, 'ಅಲರ್ಜಿರಹಿತ' ಜಾತಿಗಳ ಮನೆಗೂ ಇತರ ಮನೆಗಳಿಗೂ ವ್ಯತ್ಯಾಸ ಕಾಣಲಿಲ್ಲವೆಂದರು. 2012ರ ಡಚ್ ಅಧ್ಯಯನದಲ್ಲಂತೂ ಆ ಜಾತಿಗಳ ಕೂದಲಿನಲ್ಲಿಯೇ ಮುಖ್ಯ ಪ್ರೋಟೀನು ಹೆಚ್ಚಿತ್ತು! ಇನ್ನೊಂದು ವಿಚಿತ್ರ: ಕೆಲವರ ದೇಹ ಸಿಡುಕುವುದು ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುವ ಪ್ರೋಟೀನಿಗೆ ಮಾತ್ರ. ನನ್ನ ಅದೃಷ್ಟ ಅಂಥದ್ದಲ್ಲ.

ಚಿನ್ನಿ ನನ್ನ ಹೆಂಡತಿಯ ನಾಯಿ. ಆಕೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಆದುದರಿಂದ "ಕೊಟ್ಟುಬಿಡಿ" ಎಂಬುದು ನನ್ನ ಪಾಲಿಗೆ ಕೇವಲ ಆರೋಗ್ಯದ ಮಾತಲ್ಲ. ಉಬ್ಬಸ ತೀವ್ರವಾಗಿರುವವರು ನಾಯಿಯನ್ನು ಬಿಡಲೇಬೇಕಾಗಬಹುದು, ಅದನ್ನು ವೈದ್ಯರೇ ನಿರ್ಧರಿಸಬೇಕು. ನನ್ನದು ಸದ್ಯಕ್ಕೆ ಮೂಗು, ಕಣ್ಣುಗಳ ಮಟ್ಟದಲ್ಲಿದೆ. ಮಲಗುವ ಕೋಣೆಗೆ ಅವಳಿಗೆ ಪ್ರವೇಶವಿಲ್ಲ. ರತ್ನಗಂಬಳಿ ಅಟ್ಟ ಸೇರಿದೆ. ಮುಟ್ಟಿದ ಮೇಲೆ ಕೈ ತೊಳೆಯುತ್ತೇನೆ. ವೈದ್ಯರು ಹೇಳಿದ ಮಾತ್ರೆ ರಾತ್ರಿಗೊಂದು. ಸ್ನಾನದ ಫಲ ಕೆಲವೇ ದಿನ, ವಾರಕ್ಕೆರಡು ಸಲ ಮಾಡಿಸಿದರಷ್ಟೇ ಪ್ರಯೋಜನವಂತೆ. ಅಷ್ಟು ಸಲ ಸ್ನಾನ ಮಾಡಿಸುವುದಕ್ಕೆ ನಮ್ಮಿಬ್ಬರಲ್ಲಿ ಯಾರ ಒಪ್ಪಿಗೆಯೂ ಇಲ್ಲ.

ನಾಯಿಯ ಈ ಪ್ರೋಟೀನು ಬಟ್ಟೆಗಂಟಿಕೊಂಡು ನಾಯಿಯೇ ಇಲ್ಲದ ಶಾಲಾ ಕೊಠಡಿಗಳ ಧೂಳಿನಲ್ಲಿಯೂ ಸಿಕ್ಕಿದೆ. ಮೂವತ್ತು ವರ್ಷ ನನ್ನ ತರಗತಿಯಲ್ಲಿ ಸೀನಿದವರನ್ನೆಲ್ಲ ಸೀಮೆಸುಣ್ಣದ ಲೆಕ್ಕಕ್ಕೆ ಬರೆದುಕೊಂಡಿದ್ದೆವಲ್ಲ!

ದೀಪಾವಳಿಗೆ ಬರುವವರಲ್ಲಿ ಸೀನುವವರಿದ್ದರೆ ಮೊದಲೇ ತಿಳಿಸಿ. ಮಹಡಿಯ ಕೋಣೆಯನ್ನು ಒರೆಸಿಡಿಸುತ್ತೇನೆ; ಚಿನ್ನಿಗೆ ಈಗ ಹನ್ನೊಂದು ವರ್ಷ, ಮೆಟ್ಟಿಲು ಹತ್ತುವುದಿಲ್ಲ.